ಲೆನ್ಸ್ ಯಾರದ್ದೋ ಹೆಗಲೂ ಅವರದ್ದೇ ಆಗಿರಲಿ

ಪರೀಕ್ಷೆ ಮುಗಿದಿದೆ. ಹಾಸ್ಟೆಲ್ ಕಾರಿಡಾರ್‌ನಲ್ಲಿ ಟ್ರೆಕ್ಕಿಂಗ್ ಮಾತು ಶುರುವಾಗಿದೆ. ಕೊಡಚಾದ್ರಿ, ತಡಿಯಂಡಮೋಳ್, ಕುಮಾರ ಪರ್ವತ ಅಂತ ಹೆಸರುಗಳು ಓಡಾಡ್ತಿವೆ. ಅದರ ಹಿಂದೆಯೇ ನಮ್ಮ ಕ್ಲಬ್ಬಿನ ಫೋಟೋಗ್ರಫಿ ಗುಂಪಿಗೆ ಪ್ರತಿ ವರ್ಷ ಬರುವ ಪ್ರಶ್ನೆಯೂ ಬಂದಿದೆ: "ಬ್ರೋ, ಯಾವ್ಯಾವ ಲೆನ್ಸ್ ತಗೊಂಡು ಹೋಗೋದು?"

ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಬರೆದಿಡೋಣ ಅಂದ್ಕೊಂಡ್ವಿ. ನಮ್ಮ ಉತ್ತರ ಚಿಕ್ಕದು. ಎರಡು ಸಣ್ಣ ಲೆನ್ಸ್ ಸಾಕು. ಕ್ಯಾಮೆರಾ, ಚೀಲ ಎಲ್ಲಾ ಸೇರಿ ಒಂದೂವರೆ ಕೆಜಿ ದಾಟಬಾರದು. ಮತ್ತು ಲೆನ್ಸ್ ಬೇಕು ಅಂದವರೇ ಅದನ್ನ ಹೊರಬೇಕು. ಮೊದಲ ಎರಡು ಮಾತು ಯೂಟ್ಯೂಬ್‌ನಲ್ಲಿ ಹುಡುಕಿದರೂ ಸಿಗುತ್ತೆ. ಮೂರನೆಯದನ್ನು ನಾವು ಕಲಿತದ್ದು ಕುಮಾರ ಪರ್ವತದ ದಾರಿಯಲ್ಲಿ. ಕಲಿತ ರೀತಿ ಹೇಳಿಕೊಳ್ಳುವಂಥದ್ದೇನಲ್ಲ, ಆದರೂ ಹೇಳ್ತೀವಿ.

ಆರೂವರೆ ಕೆಜಿಯ ಕಥೆ

ಎರಡು ವರ್ಷದ ಹಿಂದೆ ನಾವು ಆರು ಜನ ಹೊರಟಿದ್ವಿ. ನಾವು ನಾಲ್ವರು ಫೋಟೋ ಗುಂಪಿನವರು, ನಮ್ಮ ಬ್ರಾಂಚಿನ ಇನ್ನೊಬ್ಬ ಗೆಳೆಯ, ಮತ್ತು ಫಸ್ಟ್ ಇಯರ್‌ನ ಒಬ್ಬ ಹುಡುಗ. ಅವನಿಗೆ ಬೆಟ್ಟದ ಆಸೆ. ಬಯಲುಸೀಮೆಯ ಊರಿನವನು, ಅಷ್ಟು ಎತ್ತರ ಹತ್ತಿದವನೇ ಅಲ್ಲ. ಮೋಡ ಕಾಲ ಕೆಳಗೆ ಇರುತ್ತಂತೆ ಹೌದಾ ಅಂತ ಎರಡು ವಾರ ಕೇಳಿದ್ದ.

ಕ್ಲಬ್ಬಿನ ಕಪಾಟಿನಲ್ಲಿ ಒಂದು ಕ್ಯಾನನ್ 1500ಡಿ ಇದೆ, ಜೊತೆಗೆ ಬಂದ 18-55 ಎಂಎಂ ಕಿಟ್ ಲೆನ್ಸ್ ಇದೆ. ಅದನ್ನ ತಗೊಂಡು ಹೋಗೋಕೆ ನಮಗೆ ನಾಚಿಕೆ. ಕಿಟ್ ಲೆನ್ಸ್ ಹಿಡಿದು ಫೋಟೋಗ್ರಫರ್ ಅಂತ ಹೇಳ್ಕೊಳ್ಳೋದು ಹೇಗೆ? ಹಾಗಾಗಿ ದುಡ್ಡು ಹಾಕಿ ಬಾಡಿಗೆಗೆ ತಂದ್ವಿ. 80ಡಿ ಬಾಡಿ 730 ಗ್ರಾಂ. 24-70 ಎಂಎಂ ಎಫ್/2.8 ಲೆನ್ಸ್ 805 ಗ್ರಾಂ. ಎಲ್ಲರೂ ತಿರುಗಿ ನೋಡುವ ಆ ಬಿಳಿ ಲೆನ್ಸ್, 70-200 ಎಫ್/2.8, 1480 ಗ್ರಾಂ. ವೈಡ್ ಬೇಕಲ್ಲ ಅಂತ 10-18, ಅದು 240. ಪೋರ್ಟ್ರೇಟ್‌ಗೆ 50 ಎಂಎಂ ಎಫ್/1.8, ಅದು 160. ಟ್ರೈಪಾಡ್ 1600, ಪ್ಯಾಡಿಂಗ್ ಇರೋ ಬ್ಯಾಗ್ 1500. ಕೂಡಿ ನೋಡಿ: ಆರೂವರೆ ಕೆಜಿ. ನೀರು, ಊಟ, ಬಟ್ಟೆ ಲೆಕ್ಕಕ್ಕೆ ಇಲ್ಲ.

ನಾವೂ ಇಂಜಿನಿಯರಿಂಗ್ ಓದುವವರಲ್ವಾ, ಬಸ್ಸಲ್ಲಿ ಲೆಕ್ಕ ಹಾಕಿದ್ವಿ. ಕುಮಾರ ಪರ್ವತದ ಎತ್ತರ 1712 ಮೀಟರ್. ಕುಕ್ಕೆಯಿಂದ ಹತ್ತೋದು ಕಡಿಮೆ ಅಂದರೂ 1500 ಮೀಟರ್ ಅಂತ ಹಿಡಿಯೋಣ. ಎಂಜಿಎಚ್ ಸೂತ್ರಕ್ಕೆ ಹಾಕಿದರೆ ಸುಮಾರು 95 ಕಿಲೋಜೂಲ್, ಅಂದ್ರೆ 23 ಕಿಲೋಕ್ಯಾಲೊರಿ. ದೇಹದ ದಕ್ಷತೆ ಕಾಲು ಭಾಗ ಅಂತ ಇಟ್ಕೊಂಡರೂ 90 ಚಿಲ್ಲರೆ. "ಎರಡು ಇಡ್ಲಿ ಹೆಚ್ಚಿಗೆ ತಿಂದ್ರಾಯ್ತು ಬಿಡ್ರೋ" ಅಂತ ನಕ್ಕು ಮಲಗಿದ್ವಿ. ಲೆಕ್ಕ ತಪ್ಪಿರಲಿಲ್ಲ. ಆದರೆ ಮಂಡಿ ಆ ಸೂತ್ರದ ಒಳಗೆ ಬರಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕೋದು ಮಂಡಿ, ಅದಕ್ಕೆ ಇಡ್ಲಿ ಲೆಕ್ಕ ಗೊತ್ತಿಲ್ಲ.

ಬ್ಯಾಗನ್ನು ಸರದಿ ಪ್ರಕಾರ ಹೊರೋದು ಅಂತ ಮಾತಾಗಿತ್ತು. ಕುಕ್ಕೆಯಲ್ಲಿ ಇಳಿದ ಮೇಲೆ ಆ ಹುಡುಗನೇ ಮೊದಲು ಎತ್ಕೊಂಡ. ಕಾಡಿನ ದಾರಿ, ಬೇರುಗಳೇ ಮೆಟ್ಟಿಲು, ನಡುನಡುವೆ ಇಂಬಳ ಕೀಳೋ ಕೆಲಸ. ಒಂದು ಗಂಟೆ ಆದಮೇಲೆ ನಮ್ಮಲ್ಲೊಬ್ಬರು "ಕೊಡೋ ಇಲ್ಲಿ" ಅಂದರು. "ಪರ್ವಾಗಿಲ್ಲ ಅಣ್ಣ, ನಾನೇ ಹಿಡ್ಕೋತೀನಿ" ಅಂದ. ಇನ್ನೊಂದು ಸಲ ಕೇಳಲಿಲ್ಲ. ಸೀನಿಯರ್‌ಗಳ ಜೊತೆ ಮೊದಲ ಸಲ ಬಂದ ಹುಡುಗ ಬೇರೆ ಏನು ಹೇಳ್ತಾನೆ ಅಂತ ಯೋಚಿಸುವಷ್ಟು ಬುದ್ಧಿ ನಮಗಿರಲಿಲ್ಲ. ಗಿರಿಗದ್ದೆಯಲ್ಲಿ ಭಟ್ಟರ ಮನೆ ಊಟ ಆಯ್ತು, ನಿದ್ದೆ ಆಯ್ತು. ಬೆಳಿಗ್ಗೆ ಎದ್ದಾಗಲೂ ಬ್ಯಾಗು ಅವನ ಹೆಗಲಿಗೇ ಹೋಯ್ತು.

ಗಿರಿಗದ್ದೆ ದಾಟಿದರೆ ಮರ ಇಲ್ಲ, ಬರೀ ಹುಲ್ಲುಗಾವಲು, ಬಿಸಿಲು, ಏರು. ಕಲ್ಲು ಮಂಟಪ ತಲುಪುವಾಗ ಅವನು ಒಂದು ಕಾಲು ಎಳೀತಿದ್ದ. ಕೂತವನಿಗೆ ಏಳೋಕೆ ಆಗಲಿಲ್ಲ. ಮಂಡಿ ಊದಿತ್ತು. ಶೇಷ ಪರ್ವತ ಎದುರಿಗೇ ಕಾಣ್ತಿತ್ತು. ನಮ್ಮ ಇನ್ನೊಬ್ಬ ಗೆಳೆಯ "ನೀವು ಹೋಗ್ಬನ್ನಿ, ನಾನು ಇವನ ಜೊತೆ ನಿಧಾನಕ್ಕೆ ಕೆಳಗಿಳೀತೀನಿ" ಅಂದ. ನಾವು ನಾಲ್ವರು ಬ್ಯಾಗು ತಗೊಂಡು ಮುಂದೆ ಹೋದ್ವಿ. ಅದರ ಭಾರ ನಮಗೆ ಗೊತ್ತಾಗಿದ್ದು ಆಗಲೇ.

ತುದಿಯಲ್ಲಿ ಮಂಜು. ಹತ್ತು ಅಡಿ ಆಚೆ ಕಾಣದು. ಬಿಳಿ ಲೆನ್ಸ್ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಒಬ್ಬನ ಗುರುತಿನ ಚೀಟಿ ಅಂಗಡಿಯಲ್ಲಿ ಒತ್ತೆ ಇದೆ, ಒದ್ದೆಯಾದರೆ ಯಾರು ಕಟ್ಟೋದು ಅನ್ನೋ ಭಯ. ಟ್ರೈಪಾಡ್ ಬಿಚ್ಚಿದ್ದು ಒಂದೇ ಸಲ, ನಾಲ್ಕು ಜನರ ಗ್ರೂಪ್ ಫೋಟೋಗೆ.

ಆ ರಾತ್ರಿ ವಾಪಸ್ ಬಸ್ಸಿನಲ್ಲಿ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಆ ಹುಡುಗ ಕಲ್ಲು ಮಂಟಪದಲ್ಲಿ ಕೂತು ತನ್ನ ಮೊಬೈಲಿನಲ್ಲಿ ತೆಗೆದದ್ದು. ಹಳದಿ ಹುಲ್ಲು, ಏರುವ ದಾರಿ, ನಾಲ್ಕು ಬೆನ್ನು. ಒಬ್ಬರೂ ಹಿಂದೆ ತಿರುಗಿ ನೋಡ್ತಿಲ್ಲ. ಅವನು ಅದರ ಕೆಳಗೆ ಏನೂ ಬರೆದಿರಲಿಲ್ಲ. ಇಡೀ ಟ್ರಿಪ್ಪಿನಲ್ಲಿ ನಮ್ಮ ಹತ್ತಿರ ಇರೋ ಒಳ್ಳೆ ಫೋಟೋ ಅಂದ್ರೆ ಅದೇ. ನಮ್ಮ ಕಾರ್ಡಿನಲ್ಲಿದ್ದ ನೂರಾರು ಫೋಟೋಗಳಲ್ಲಿ ಅವನು ಇದ್ದದ್ದು ಒಂದರಲ್ಲಿ, ಅದೂ ಅರ್ಧ.

ನಾವು ಎಡವಿದ್ದು ಎಲ್ಲಿ?

ವಾಪಸ್ ಬಂದಮೇಲೆ ಫೋಟೋಗಳನ್ನು ಫೋಕಲ್ ಲೆಂತ್ ಪ್ರಕಾರ ವಿಂಗಡಿಸಿ ನೋಡಿದ್ವಿ. ಪ್ರತಿ ಫೋಟೋ ಫೈಲಿನಲ್ಲೂ ಆ ಮಾಹಿತಿ ಇರುತ್ತೆ, ನೀವೂ ನಿಮ್ಮ ಹಳೇ ಫೋಲ್ಡರ್ ತೆಗೆದು ನೋಡಬಹುದು. ಹೆಚ್ಚುಕಡಿಮೆ ಎಲ್ಲವೂ 24-70ರಲ್ಲೇ ತೆಗೆದವು. 50 ಎಂಎಂ ಒಂದು ಹಿಡಿಯಷ್ಟು. 10-18 ಎರಡೋ ಮೂರೋ. ಬಿಳಿ ಲೆನ್ಸಿನದ್ದು ಕುಕ್ಕೆ ಬಸ್ ನಿಲ್ದಾಣದಲ್ಲಿ ತೆಗೆದ ಒಂದು ನಾಯಿ.

ಇದಕ್ಕಿಂತ ನಗೆಪಾಟಲಿನ ವಿಷಯ ಇನ್ನೊಂದಿದೆ. 24-70 ಲೆನ್ಸ್ ಫುಲ್ ಫ್ರೇಮ್ ಕ್ಯಾಮೆರಾಗೆ ಮಾಡಿದ್ದು. ನಮ್ಮ 80ಡಿಯಲ್ಲಿ ಇರೋದು ಚಿಕ್ಕ ಸೆನ್ಸರ್, ಕ್ಯಾನನ್‌ನಲ್ಲಿ ಅದರ ಕ್ರಾಪ್ 1.6. ಅಂದ್ರೆ ಆ ಲೆನ್ಸ್ ಇಲ್ಲಿ 38ರಿಂದ 112 ಎಂಎಂನ ನೋಟ ಕೊಡುತ್ತೆ. ನಮ್ಮ ಜೇಬಿನ ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24-26ರ ಆಸುಪಾಸು. ಬೆಟ್ಟದ ಅಗಲ ಹಿಡಿಯೋಕೆ ಮೊಬೈಲಿಗಿಂತ ಇಕ್ಕಟ್ಟಾದ ಲೆನ್ಸನ್ನು 805 ಗ್ರಾಂ ಕೊಟ್ಟು ಹೊತ್ತಿದ್ವಿ. ಕಪಾಟಿನಲ್ಲಿ ಬಿಟ್ಟು ಬಂದ ಕಿಟ್ ಲೆನ್ಸ್ 29ರಿಂದ 88ರ ನೋಟ ಕೊಡುತ್ತೆ, ತೂಕ ಸುಮಾರು 200 ಗ್ರಾಂ. ಕಾಲು ಭಾಗ!

"ಆದ್ರೆ ಎಫ್/2.8 ಅಲ್ವಾ?" ಅಂತ ಕೇಳ್ತೀರಿ. ಸರಿ, ಅದನ್ನೂ ನೋಡೋಣ. ಲೆನ್ಸಿನ ಬೆಳಕಿನ ಕಿಂಡಿಯ ವ್ಯಾಸ ಅಂದ್ರೆ ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದಷ್ಟು. 200 ಎಂಎಂ ಲೆನ್ಸ್ ಎಫ್/2.8 ಕೊಡಬೇಕಾದರೆ 71 ಎಂಎಂ ಅಗಲ ಬೇಕು. ಎಫ್/5.6 ಸಾಕು ಅಂದರೆ 36 ಎಂಎಂ. ವ್ಯಾಸ ಎರಡರಷ್ಟು ಆದರೆ ಗಾಜಿನ ಅಗಲ ಮಾತ್ರ ಹೆಚ್ಚೋದಿಲ್ಲ, ದಪ್ಪವೂ ಹೆಚ್ಚುತ್ತೆ, ಅದನ್ನು ಹಿಡಿದಿಡೋ ಲೋಹವೂ ಹೆಚ್ಚುತ್ತೆ. ಅದಕ್ಕೇ 55-250 ಎಂಎಂ ಎಫ್/4-5.6 ಲೆನ್ಸ್ 375 ಗ್ರಾಂನಲ್ಲಿ ಮುಗಿಯುತ್ತೆ, ಬಿಳಿಯದ್ದು ಒಂದೂವರೆ ಕೆಜಿ ಹತ್ತಿರ ಹೋಗುತ್ತೆ.

ಆ ತೂಕಕ್ಕೆ ಸಿಗೋದು ಎರಡು ಸ್ಟಾಪ್, ಅಂದ್ರೆ ನಾಲ್ಕು ಪಟ್ಟು ಬೆಳಕು. ಮದುವೆ ಮಂಟಪದಲ್ಲಿ, ನಮ್ಮ ಆಡಿಟೋರಿಯಮ್ಮಿನಲ್ಲಿ, ರಾತ್ರಿ ಕ್ರಿಕೆಟ್ ಮ್ಯಾಚಿನಲ್ಲಿ ಅದು ಬಂಗಾರ. ಬೆಟ್ಟದ ಮೇಲೆ ಹಗಲಲ್ಲಿ? ಹತ್ತಿರದ ಹುಲ್ಲಿನಿಂದ ದೂರದ ಸಾಲುಬೆಟ್ಟದವರೆಗೆ ಎಲ್ಲವೂ ಸ್ಪಷ್ಟ ಬರಬೇಕು ಅಂತ ನೀವೇ ಎಫ್/8ಕ್ಕೆ ತಿರುಗಿಸ್ತೀರಿ. ಎಫ್/8ರಲ್ಲಿ ಎರಡೂ ಲೆನ್ಸ್ ಒಳಗೆ ಬಿಡೋ ಬೆಳಕು ಒಂದೇ. ಹೊತ್ತ ಗಾಜಿನ ಬಹುಪಾಲನ್ನು ನೀವೇ ಮುಚ್ಚಿಟ್ಟಂಗಾಯ್ತು. ಮುಂಜಾನೆಯ ಮಸುಕಿನಲ್ಲಿ ಐಎಸ್‌ಓ 400 ಇದ್ದದ್ದು 1600 ಆಗುತ್ತೆ, ಒಪ್ಕೋತೀವಿ. ಇನ್‌ಸ್ಟಾಗ್ರಾಂಗೆ 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕುವಾಗ ಆ ವ್ಯತ್ಯಾಸ ಹುಡುಕಿ ತೋರಿಸಿ ನೋಡೋಣ.

ನಾವೀಗ ಏನು ಒಯ್ತೀವಿ

ಆ ನಾಚಿಕೆಯ ಕಪಾಟಿನಿಂದಲೇ ಶುರು. 1500ಡಿ ಬ್ಯಾಟರಿ, ಕಾರ್ಡ್ ಸೇರಿ 475 ಗ್ರಾಂ. 18-55 ಕಿಟ್ ಲೆನ್ಸ್ ಸುಮಾರು 200. ನಮ್ಮಲ್ಲೊಬ್ಬರು ಸೆಕೆಂಡ್ ಹ್ಯಾಂಡ್ ತಗೊಂಡ 55-250, ಅದು 375. ಒಟ್ಟು 1050 ಗ್ರಾಂ. ಎರಡಕ್ಕೂ ಫಿಲ್ಟರ್ ಅಳತೆ 58 ಎಂಎಂ, ಆದ್ದರಿಂದ ಒಂದೇ ಪೋಲರೈಸರ್ ಎರಡಕ್ಕೂ ಹೊಂದುತ್ತೆ. ಒದ್ದೆ ಎಲೆಯ ಮೇಲಿನ, ಹಳ್ಳದ ನೀರಿನ ಮೇಲಿನ ಹೊಳಪು ಕಡಿಮೆ ಮಾಡೋಕೆ ಮಲೆನಾಡಿನಲ್ಲಿ ಅದರಷ್ಟು ಉಪಯೋಗದ್ದು ಬೇರೆ ಇಲ್ಲ. ಒಂದು ಹೆಚ್ಚುವರಿ ಬ್ಯಾಟರಿ, ಸೊಂಟಕ್ಕೆ ಕಟ್ಟೋ ಸಣ್ಣ ಚೀಲ. ಒಂದೂವರೆ ಕೆಜಿ ಒಳಗೇ ನಿಲ್ಲುತ್ತೆ. ಅಗಲದ ಫೋಟೋ ಬೇಕಾದರೆ ಮೊಬೈಲ್ ಇದ್ದೇ ಇದೆ. ಮೊಬೈಲ್ ಚೆನ್ನಾಗಿ ಮಾಡೋ ಕೆಲಸಕ್ಕೆ ಇನ್ನೊಂದು ಲೆನ್ಸ್ ಯಾಕೆ? ಕ್ಯಾಮೆರಾ ಒಯ್ಯೋದೇ ಮೊಬೈಲಿಗೆ ಆಗದ್ದಕ್ಕೆ: ದೂರದ ಸಾಲುಬೆಟ್ಟ, ಮರದ ಮೇಲಿನ ಮಂಗಟ್ಟೆ, ಗೆಳೆಯನ ಮುಖದ ಮೇಲೆ ಬಿದ್ದ ಸಂಜೆ ಬಿಸಿಲು.

ಮಳೆ, ಮಂಜಿನ ದಿನಗಳಾದರೆ ನಮ್ಮ ಸಲಹೆ ಬೇರೆ: ಒಂದೇ ಲೆನ್ಸ್. 18-135ರ ಥರದ್ದು 500 ಗ್ರಾಂ ಆಸುಪಾಸು ಇರುತ್ತೆ. ಅಂಚಿನಲ್ಲಿ ಸ್ವಲ್ಪ ಮಸುಕು ಇರಬಹುದು. ಆದರೆ ಮಂಜಿನಲ್ಲಿ ಲೆನ್ಸ್ ಬದಲಿಸೋಕೆ ಹೋದರೆ ಸೆನ್ಸರ್ ಮೇಲೆ ತೇವ ಕೂರುತ್ತೆ, ಅದಕ್ಕಿಂತ ಇದು ವಾಸಿ. ತೇವ ಒಳಹೊಕ್ಕ ಲೆನ್ಸನ್ನು ಬ್ಯಾಗಲ್ಲೇ ಮುಚ್ಚಿಟ್ಟರೆ ಕೆಲವೇ ವಾರದಲ್ಲಿ ಗಾಜಿನ ಮೇಲೆ ಫಂಗಸ್ ಬಲೆ ಕಟ್ಟಬಹುದು. ಕರಾವಳಿ, ಮಲೆನಾಡಿನ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬಂದ ತಕ್ಷಣ ಎಲ್ಲಾ ಹೊರಗೆ ತೆಗೆದು ಒಣಗಿಸಿ, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಮ್ಮನ ಅಡುಗೆಮನೆಯ ಡಬ್ಬಿಯೇ ಸಾಕು, ಕೇಳಿ ತಗೊಳ್ಳಿ.

ಹಂಪಿ, ಬಾದಾಮಿ ಕಡೆ ಹೋಗೋದಾದರೆ ಲೆಕ್ಕ ಇನ್ನೂ ಬೇರೆ. ಗುಹೆಯ ಒಳಗೆ, ಗರ್ಭಗುಡಿಯ ಮುಂದಿನ ಮಂಟಪದಲ್ಲಿ ಬೆಳಕು ಕಡಿಮೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡೋಕೆ ಅನುಮತಿ ಬೇಕು. ಅಲ್ಲಿ ಒಂದು ಪುಟ್ಟ ಪ್ರೈಮ್ ನಿಜಕ್ಕೂ ಕೆಲಸಕ್ಕೆ ಬರುತ್ತೆ. ಕ್ಯಾನನ್‌ನವರಿಗೆ 24 ಎಂಎಂ ಎಫ್/2.8, ಬರೀ 125 ಗ್ರಾಂ. ನಿಕಾನ್‌ನವರಿಗೆ 35 ಎಂಎಂ ಎಫ್/1.8, 200 ಗ್ರಾಂ. ಟೆಲಿ ಲೆನ್ಸ್ ರೂಮಲ್ಲೇ ಇರಲಿ.

ಮಿರರ್‌ಲೆಸ್ ಇರುವವರಿಗೆ ಇನ್ನೂ ಸುಲಭ. ಉದಾಹರಣೆಗೆ ಕ್ಯಾನನ್ ಆರ್50 375 ಗ್ರಾಂ, ಅದರ 18-45 ಲೆನ್ಸ್ 130, 55-210 ಲೆನ್ಸ್ 270. ಎಲ್ಲಾ ಸೇರಿ 775 ಗ್ರಾಂ. ಆದರೆ ಟ್ರೆಕ್ಕಿಂಗ್‌ಗೆ ಅಂತ ಸಾಲ ಮಾಡಿ ಹೊಸ ಕ್ಯಾಮೆರಾ ಕೊಳ್ಳಬೇಡಿ. ಇರೋದರಲ್ಲಿ ಬಿಟ್ಟು ಹೋಗೋದನ್ನ ಕಲಿತರೆ ಅರ್ಧ ಕೆಲಸ ಮುಗೀತು, ಅದಕ್ಕೆ ಖರ್ಚೂ ಇಲ್ಲ.

ಹಕ್ಕಿ ಹಿಂದೆ ಹೋಗುವವರು ನಮ್ಮ ಮಾತಿಗೆ ನಗ್ತಾರೆ, ಗೊತ್ತು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿ ಫೋಟೋ ತೆಗೆದ ಪೂರ್ಣಚಂದ್ರ ತೇಜಸ್ವಿಯವರನ್ನು ಓದಿ ಬೆಳೆದವರು ನಾವೂ. ಕಾಡಿನ ಕತ್ತಲಲ್ಲಿ ಹಕ್ಕಿಗೆ ಉದ್ದ ಲೆನ್ಸ್ ಬೇಕು, ಬೆಳಕು ಹಿಡಿಯೋ ದೊಡ್ಡ ಕಣ್ಣೂ ಬೇಕು. ಹಾಗಿದ್ದರೆ ಅದೊಂದನ್ನೇ ಒಯ್ಯಿರಿ, ಮಿಕ್ಕಿದ್ದೆಲ್ಲ ಬಿಡಿ. ತುದಿ ಮುಟ್ಟುವ ಆತುರವನ್ನೂ ಬಿಡಿ, ಒಂದೇ ಮರದ ಕೆಳಗೆ ಅರ್ಧ ದಿನ ಕೂರಿ. ಹಕ್ಕಿಯೂ ಬೇಕು, ಸೂರ್ಯೋದಯವೂ ಬೇಕು, ನಕ್ಷತ್ರವೂ ಬೇಕು, ಪೋರ್ಟ್ರೇಟೂ ಬೇಕು ಅಂದಾಗಲೇ ಬ್ಯಾಗು ಆರೂವರೆ ಕೆಜಿ ಆಗೋದು.

ಬೆಟ್ಟ ಹತ್ತಿದವರು ಏನು ಒಯ್ದಿದ್ರು?

1953ರ ಮೇ 29ರಂದು ಎವರೆಸ್ಟ್ ತುದಿಯಲ್ಲಿ ತೇನ್‌ಸಿಂಗ್ ಐಸ್ ಕೊಡಲಿ ಎತ್ತಿ ನಿಂತ ಫೋಟೋ ಎಲ್ಲರೂ ನೋಡಿದ್ದೀರಿ. ಎಡ್ಮಂಡ್ ಹಿಲರಿ ಅದನ್ನು ತೆಗೆದದ್ದು ಕೊಡಾಕ್ ರೆಟಿನಾ ಅನ್ನೋ ಸಣ್ಣ ಕ್ಯಾಮೆರಾದಲ್ಲಿ, ಅದಕ್ಕಿದ್ದದ್ದು ಒಂದೇ ಲೆನ್ಸ್. ಆ ತುದಿಯಲ್ಲಿ ಹಿಲರಿಯದೇ ಒಂದು ಫೋಟೋ ಇಲ್ಲ. ಕ್ಯಾಮೆರಾ ಹಿಡಿದವನು ಫೋಟೋದಲ್ಲಿ ಇರೋದಿಲ್ಲ ಅನ್ನೋದು ಹಳೇ ಕಥೆ. ಆದರೆ ಹಿಲರಿ ತುದಿಯನ್ನಾದರೂ ಮುಟ್ಟಿದ್ದರು. ನಮ್ಮ ಹುಡುಗನಿಗೆ ಅದೂ ಸಿಗಲಿಲ್ಲ.

ಇನ್ನೊಬ್ಬರು ಅಮೆರಿಕದ ಗೇಲನ್ ರೋವೆಲ್. ಸ್ವತಃ ಬಂಡೆ ಹತ್ತುವವರು, ಹಗುರವಾದ ನಿಕಾನ್ ಕ್ಯಾಮೆರಾ, ಸಣ್ಣ ಲೆನ್ಸ್ ಇಟ್ಟುಕೊಂಡು ಬೆಟ್ಟಗಳಲ್ಲಿ ಓಡಾಡಿದವರು. 1981ರಲ್ಲಿ ಲಾಸಾದಲ್ಲಿ ಕಾಮನಬಿಲ್ಲು ಮೂಡಿದ್ದನ್ನು ಕಂಡರು. ಅದು ಪೋತಲ ಅರಮನೆಯ ಮೇಲೇ ಬಂದು ಇಳಿದ ಹಾಗೆ ಕಾಣಬೇಕಾದರೆ ತಾವು ಬೇರೆ ಜಾಗದಲ್ಲಿ ನಿಲ್ಲಬೇಕು. ಅಷ್ಟು ಎತ್ತರದ, ಉಸಿರು ಸಾಲದ ಊರಿನಲ್ಲಿ ಅವರು ಓಡಿದರು, ಫೋಟೋ ಸಿಕ್ಕಿತು. ಹೆಗಲ ಮೇಲೆ ಆರೂವರೆ ಕೆಜಿ ಇದ್ದಿದ್ದರೆ ಅಷ್ಟು ಹೊತ್ತಿಗೆ ಬ್ಯಾಗಿನ ಜಿಪ್ ಎಳೀತಾ ಕೂತಿರ್ತಿದ್ದರು, ನಮ್ಮ ಹಾಗೆ.

ಇವರನ್ನೆಲ್ಲ ಹೇಳಿದ್ದು ದೊಡ್ಡವರ ಹೆಸರು ಹಿಡಿದು ವಾದ ಗೆಲ್ಲೋಕಲ್ಲ. ಬೆಟ್ಟದಲ್ಲಿ ಫೋಟೋ ಸಿಗೋದು ಕಾಲಿಗೆ. ಕಾಲು ಸೋತ ಮೇಲೆ ಲೆನ್ಸ್ ಎಷ್ಟು ಒಳ್ಳೆಯದಾದರೂ ಅದು ಬರೀ ಭಾರ.

ಮೆಸ್ಸಿನ ತಕ್ಕಡಿ

ಆ ಟ್ರಿಪ್ಪಿನ ನಂತರ ನಾವು ಒಂದು ಪದ್ಧತಿ ಮಾಡ್ಕೊಂಡಿದ್ದೀವಿ. ಹೊರಡೋ ಹಿಂದಿನ ಸಂಜೆ ಎಲ್ಲರೂ ತಂತಮ್ಮ ಕ್ಯಾಮೆರಾ ಚೀಲ ತಗೊಂಡು ಹಾಸ್ಟೆಲ್ ಮೆಸ್ಸಿಗೆ ಹೋಗ್ತೀವಿ. ತರಕಾರಿ ತೂಗೋ ತಕ್ಕಡಿ ಇದೆಯಲ್ಲ, ಅದರ ಮೇಲೆ ಒಂದೊಂದಾಗಿ ಇಡ್ತೀವಿ. ಒಂದೂವರೆ ಕೆಜಿ ದಾಟಿದರೆ ಏನಾದರೂ ಒಂದು ರೂಮಿಗೆ ವಾಪಸ್. ಅಡುಗೆಯವರಿಗೆ ಇದು ತಮಾಷೆ. "ಆಲೂಗಡ್ಡೆ ಆದ್ರೆ ಪಲ್ಯನಾದ್ರೂ ಆಗ್ತಿತ್ತು" ಅಂತಾರೆ. ಅಂತಾರಾದರೂ ತಕ್ಕಡಿ ಕೊಡ್ತಾರೆ.

ಎರಡನೆಯ ನಿಯಮ: ಕ್ಯಾಮೆರಾ ಚೀಲ ಇನ್ನೊಬ್ಬರ ಹೆಗಲಿಗೆ ಹೋಗುವಂತಿಲ್ಲ. ಸರದಿ ಅನ್ನೋ ಮಾತೇ ಬೇಡ, ಯಾಕಂದ್ರೆ ಸರದಿ ಯಾವಾಗಲೂ ಜೂನಿಯರ್ ಹತ್ತಿರ ಬಂದು ನಿಂತುಬಿಡುತ್ತೆ. ಯಾರಿಗಾದರೂ ಹುಷಾರು ತಪ್ಪಿದರೆ ಹಂಚಿಕೊಂಡು ಹೊರೋಣ, ಅದು ಬೇರೆ ಮಾತು. ಆದರೆ "ನೀನು ಗಟ್ಟಿಮುಟ್ಟಾಗಿದ್ದೀಯ ಹಿಡ್ಕೋ" ಅನ್ನೋದು ನಿಲ್ಲಬೇಕು. ತನ್ನ ಹೆಗಲೇ ನೋಯುತ್ತೆ ಅಂತ ಗೊತ್ತಾದರೆ ಎಷ್ಟು ಲೆನ್ಸ್ ಬೇಕು ಅನ್ನೋ ಪ್ರಶ್ನೆಗೆ ಉತ್ತರ ತಾನಾಗೇ ಸಣ್ಣದಾಗುತ್ತೆ. ಯಾವ ರಿವ್ಯೂ ಓದೋದೂ ಬೇಕಾಗಲ್ಲ.

"ಇಷ್ಟೆಲ್ಲಾ ಲೆಕ್ಕ ಇಟ್ಕೊಂಡು ಹೋದ್ರೆ ಒಳ್ಳೆ ಶಾಟ್ ತಪ್ಪಿಹೋಗಲ್ವಾ?" ಅಂತ ಕಳೆದ ಸಲ ಒಬ್ಬಳು ಕೇಳಿದಳು. ತಪ್ಪುತ್ತೆ. ಕೆಲವು ತಪ್ಪೇ ತಪ್ಪುತ್ತೆ. ಹಕ್ಕಿ ಹಾರಿಹೋಗುತ್ತೆ, ನಕ್ಷತ್ರ ಅಲುಗಿದ ಹಾಗೆ ಬರುತ್ತೆ. ತಪ್ಪಿದ ಫೋಟೋಗೆ ನಾವು ಒಂದು ದಿನ ಬೇಜಾರು ಮಾಡ್ಕೋತೀವಿ. ಕಲ್ಲು ಮಂಟಪದಲ್ಲಿ ಬಿಟ್ಟುಹೋದವನ ಬಗ್ಗೆ ಎರಡು ವರ್ಷ ಆದರೂ ಬೇಜಾರು ಹೋಗಿಲ್ಲ.

ಅವನ ಮಂಡಿ ಒಂದು ತಿಂಗಳಲ್ಲಿ ಸರಿಹೋಯ್ತು. ನಮ್ಮ ಜೊತೆ ಮಾತಾಡ್ತಾನೆ, ಕ್ಲಬ್ಬಿನ ಕಾರ್ಯಕ್ರಮಕ್ಕೆ ಬರ್ತಾನೆ. ಟ್ರೆಕ್ಕಿಂಗ್ ಅಂದರೆ ಮಾತ್ರ ಏನಾದರೂ ಕೆಲಸ ಹೇಳಿ ತಪ್ಪಿಸ್ಕೋತಾನೆ. ಈ ಡಿಸೆಂಬರ್‌ನಲ್ಲಿ ಮತ್ತೆ ಕುಮಾರ ಪರ್ವತಕ್ಕೆ ಹೋಗೋದು ಅಂತ ಆಗಿದೆ. ಕಳೆದ ವಾರ ಅವನ ರೂಮಿಗೆ ಹೋಗಿ ಕರೆದ್ವಿ. ಕ್ಲಬ್ಬಿನ 1500ಡಿ ನಿನಗೇ, ಬೇಕಾದರೆ ಮಾತ್ರ ಹಿಡ್ಕೊ, ಬೇಡ ಅಂದರೆ ಕೈಬೀಸಿಕೊಂಡು ಬಾ ಅಂದ್ವಿ.

"ನೋಡ್ತೀನಿ ಅಣ್ಣ" ಅಂದಿದ್ದಾನೆ.

ಅವನು ಬಂದರೆ ಮುಂದೆ ನಡೆಯೋದು ಅವನು. ನಾವು ಹಿಂದೆ.